ಅಣುಬಾಂಬಿಗೂ ವಯಸ್ಸಾಗುತ್ತದೆ: ಅರ್ಧಾಯುವಿನ ಲೆಕ್ಕ

ಅಣುಬಾಂಬಿನಲ್ಲಿ ಬಳಸುವ ಪ್ಲುಟೋನಿಯಂ-239ರ ಅರ್ಧಾಯು, ಅಂದರೆ ಅದರ ಅರ್ಧದಷ್ಟು ಪರಮಾಣುಗಳು ತಾವಾಗಿ ಕ್ಷಯಿಸಿ ಬೇರೆ ಧಾತುವಾಗಲು ಹಿಡಿಯುವ ಕಾಲ, 24,100 ವರ್ಷ. ಹಾಗಿದ್ದಮೇಲೆ 40-50 ವರ್ಷದ ಬಾಂಬಿಗೆ ವಯಸ್ಸಾಯಿತು ಅಂತ ಅಮೆರಿಕ ಯಾಕೆ ತಲೆಕೆಡಿಸಿಕೊಳ್ಳುತ್ತದೆ? ಈ ವಿಷಯದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಈ ಪ್ರಶ್ನೆಯೇ. ಅದಕ್ಕೇ ಅರ್ಧ ಟಿಪ್ಪಣಿ ಹೋಗುತ್ತದೆ. ಬಾಂಬಿನ ವಿಧಗಳನ್ನು ಮೊದಲು ಬೇಗ ನೋಡಿಬಿಡೋಣ, ಯಾಕೆಂದರೆ ಒಳಗೆ ಏನಿದೆ ಅನ್ನುವುದರ ಮೇಲೆ ಅದು ಹೇಗೆ ಹಳತಾಗುತ್ತದೆ ಅನ್ನುವುದು ನಿಂತಿದೆ.

ಮೂರು ವಿಧ

1945ರ ಆಗಸ್ಟ್ 6ರಂದು ಹಿರೋಶಿಮಾ ಮೇಲೆ ಬಿದ್ದದ್ದು ಯುರೇನಿಯಂ ಬಾಂಬ್, ಸುಮಾರು 15 ಕಿಲೋಟನ್ (ಒಂದು ಕಿಲೋಟನ್ ಅಂದರೆ ಸಾವಿರ ಟನ್ ಟಿಎನ್‌ಟಿ ಸ್ಫೋಟಕದಷ್ಟು ಶಕ್ತಿ). 9ರಂದು ನಾಗಸಾಕಿ ಮೇಲೆ ಬಿದ್ದದ್ದು ಪ್ಲುಟೋನಿಯಂ ಬಾಂಬ್, ಸುಮಾರು 21 ಕಿಲೋಟನ್. ಎರಡೂ ಮೊದಲ ವಿಧ, ಬರೀ ವಿದಳನ, ಅಂದರೆ ಪರಮಾಣುವಿನ ಬೀಜ ಒಡೆಯುವುದು. ಆ ವರ್ಷ ಮುಗಿಯುವಷ್ಟರಲ್ಲಿ ಎರಡೂ ಊರು ಸೇರಿ ಲಕ್ಷಕ್ಕೂ ಜಾಸ್ತಿ ಜನ ಸತ್ತಿದ್ದರು. ಕಿಲೋಟನ್ ಅಂತ ಬರೆಯುವಾಗಲೆಲ್ಲ ಇದು ನೆನಪಿರಬೇಕು.

ಎರಡನೆಯ ವಿಧದಲ್ಲಿ ವಿದಳನದ ಜೊತೆಗೆ ಸ್ವಲ್ಪ ಡ್ಯೂಟೀರಿಯಂ ಮತ್ತು ಟ್ರಿಟಿಯಂ ಅನಿಲ (ಎರಡೂ ಹೈಡ್ರೋಜನ್ನಿನ ಭಾರದ ರೂಪಗಳು) ಇರುತ್ತದೆ. ಅವುಗಳ ಬೀಜಗಳು ಕೂಡಿ ಒಂದಾದಾಗ, ಅಂದರೆ ಸಮ್ಮಿಲನವಾದಾಗ, ಹೊರಬೀಳುವ ನ್ಯೂಟ್ರಾನುಗಳು ಇನ್ನಷ್ಟು ಪ್ಲುಟೋನಿಯಂ ಒಡೆಯುವಂತೆ ಮಾಡುತ್ತವೆ. ಮೂರನೆಯದು ಹೈಡ್ರೋಜನ್ ಬಾಂಬ್. ಅಲ್ಲಿ ವಿದಳನದ ಮೊದಲ ಹಂತ ಸಮ್ಮಿಲನದ ಎರಡನೇ ಹಂತವನ್ನು ಹೊತ್ತಿಸುತ್ತದೆ. 1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದಲ್ಲಿ ಅಮೆರಿಕ ಮಾಡಿದ ಮೊದಲ ಪರೀಕ್ಷೆಯ ಶಕ್ತಿ 10.4 ಮೆಗಾಟನ್, ಅಂದರೆ 10,400 ಕಿಲೋಟನ್. ಇಲುಗೆಲಾಬ್ ಅನ್ನುವ ದ್ವೀಪವೇ ಇಲ್ಲವಾಯಿತು.

ಪ್ಲುಟೋನಿಯಂ ಒಳಗೆ ಏನಾಗುತ್ತದೆ

ಇಲ್ಲಿ ನಿಧಾನ ಮಾಡಿ. ಒಂದು ಸುಲಭದ ದಾರಿ ಇದೆ: 0.693ನ್ನು ಅರ್ಧಾಯುವಿನಿಂದ ಭಾಗಿಸಿದರೆ ಒಂದು ವರ್ಷದಲ್ಲಿ ಎಷ್ಟು ಭಾಗ ಕ್ಷಯಿಸುತ್ತದೆ ಅನ್ನುವುದು ಸಿಗುತ್ತದೆ. 0.693 ÷ 24,100 ಅಂದರೆ ಲಕ್ಷ ಪರಮಾಣುಗಳಲ್ಲಿ ವರ್ಷಕ್ಕೆ ಸುಮಾರು 2.9. ಐವತ್ತು ವರ್ಷಕ್ಕೆ ಲಕ್ಷದಲ್ಲಿ 144. ಏನೂ ಅಲ್ಲ ಅನಿಸುತ್ತದೆ, ಅಲ್ವಾ? ನೂರಕ್ಕೆ 99.8ಕ್ಕಿಂತ ಜಾಸ್ತಿ ಪ್ಲುಟೋನಿಯಂ ಹಾಗೇ ಉಳಿದಿದೆ.

ಆದರೆ ಅರ್ಧಾಯು ಹೇಳುವುದು ಎಷ್ಟು ಪರಮಾಣು ಉಳಿದಿವೆ ಅಂತ ಮಾತ್ರ. ಉಳಿದವು ತಮ್ಮ ಜಾಗದಲ್ಲೇ ಇವೆಯಾ ಅಂತ ಅದು ಹೇಳುವುದಿಲ್ಲ. ಒಂದು ಪ್ಲುಟೋನಿಯಂ ಪರಮಾಣು ಕ್ಷಯಿಸಿದಾಗ ಆಲ್ಫಾ ಕಣ (ಹೀಲಿಯಂ ಪರಮಾಣುವಿನ ಬೀಜ) ಒಂದು ಕಡೆ ಹಾರುತ್ತದೆ. ಉಳಿದದ್ದು ಯುರೇನಿಯಂ ಪರಮಾಣುವಾಗಿ ಎದುರು ದಿಕ್ಕಿಗೆ ನುಗ್ಗುತ್ತದೆ. ಕೇರಂನಲ್ಲಿ ಸ್ಟ್ರೈಕರ್ ಹೊಡೆದ ಕಾಯಿ ಪಕ್ಕದ ಕಾಯಿಗಳನ್ನು ಚೆದುರಿಸುವ ಹಾಗೆ, ಒಂದೇ ಕ್ಷಯದಿಂದ ಸುಮಾರು 2,500 ಪರಮಾಣುಗಳು ಜಾಗ ಬಿಟ್ಟು ಕದಲುತ್ತವೆ.

ಈಗ ಗುಣಿಸಿ. ಲಕ್ಷಕ್ಕೆ 2.9 ಕ್ಷಯ, ಒಂದೊಂದಕ್ಕೂ 2,500. ವರ್ಷಕ್ಕೆ ಲಕ್ಷದಲ್ಲಿ ಸುಮಾರು 7,200 ಪರಮಾಣುಗಳು ಕದಲಿದವು. ಅಂದರೆ ಪ್ರತಿ ಪರಮಾಣುವೂ ಸರಾಸರಿ 14 ವರ್ಷಕ್ಕೊಮ್ಮೆ ತನ್ನ ಜಾಗದಿಂದ ಎದ್ದಿರುತ್ತದೆ! ನಿಜವಾದ ಬಾಂಬಿನ ಲೋಹದಲ್ಲಿ ಇನ್ನೂ ಬೇಗ, ಯಾಕೆಂದರೆ ಅದರಲ್ಲಿ ಪ್ಲುಟೋನಿಯಂ-240 ಕೂಡ ಸ್ವಲ್ಪ ಬೆರೆತಿರುತ್ತದೆ, ಅದರ ಅರ್ಧಾಯು ಸುಮಾರು 6,560 ವರ್ಷ ಅಷ್ಟೇ. 24,100 ಅನ್ನುವ ದೊಡ್ಡ ಸಂಖ್ಯೆಯ ಹಿಂದೆ ಇಷ್ಟೆಲ್ಲ ಅಡಗಿದೆ.

ಕದಲಿದ ಬಹುಪಾಲು ಪರಮಾಣುಗಳು ಕ್ಷಣದಲ್ಲೇ ಮತ್ತೆ ಒಂದು ಜಾಗ ಹಿಡಿದು ಕೂರುತ್ತವೆ. ಎಲ್ಲವೂ ಅಲ್ಲ. ಹಾರಿದ ಆಲ್ಫಾ ಕಣವೂ ಎರಡು ಎಲೆಕ್ಟ್ರಾನ್ ಹಿಡಿದುಕೊಂಡು ಹೀಲಿಯಂ ಆಗುತ್ತದೆ. ಅದು ಲೋಹದೊಳಗೇ ಸಿಕ್ಕಿಕೊಂಡು ತೀರಾ ಸಣ್ಣ ಗುಳ್ಳೆಗಳಾಗಿ ಕೂಡುತ್ತದೆ. ವಯಸ್ಸಾಗುವುದು ಅಂದರೆ ಇದು.

ಇದನ್ನು ತಿಳಿಯಲು ನೂರು ವರ್ಷ ಕಾಯಬೇಕಿಲ್ಲ. ಪ್ಲುಟೋನಿಯಂ-238ರ ಅರ್ಧಾಯು 87.7 ವರ್ಷ. ಅದನ್ನು ಸ್ವಲ್ಪ ಬೆರೆಸಿದರೆ ಕ್ಷಯ ಜೋರಾಗಿ, ಲೋಹ ಬೇಗ ಮುದಿಯಾಗುತ್ತದೆ. ವಿಜ್ಞಾನಿಗಳು ಹೀಗೇ ಪರೀಕ್ಷಿಸಿದರು. 2006ರಲ್ಲಿ ಪರಿಶೀಲನೆಯಾದ ಅಮೆರಿಕದ ಅಧ್ಯಯನದ ಪ್ರಕಾರ ಅಲ್ಲಿನ ಬಹುಪಾಲು ಬಾಂಬುಗಳ ಪ್ಲುಟೋನಿಯಂ ಭಾಗ ಕನಿಷ್ಠ ನೂರು ವರ್ಷ ತಾಳುತ್ತದೆ.

ಬೇಗ ಹಳತಾಗುವುದು ಬೇರೆಯೇ

ಅದೇ ಲೆಕ್ಕವನ್ನು ಟ್ರಿಟಿಯಂಗೆ ಹಾಕಿ. ಅರ್ಧಾಯು 12.3 ವರ್ಷ. ವರ್ಷಕ್ಕೆ ನೂರಕ್ಕೆ ಐದೂವರೆ ಭಾಗ ಹೋಗುತ್ತದೆ, ಸುಮಾರು 25 ವರ್ಷಕ್ಕೆ ಕಾಲು ಭಾಗ ಉಳಿಯುತ್ತದೆ. ಸಾಲದ್ದಕ್ಕೆ ಅದು ಹೀಲಿಯಂ-3 ಆಗುತ್ತದೆ, ಹೀಲಿಯಂ-3 ನ್ಯೂಟ್ರಾನುಗಳನ್ನು ನುಂಗುತ್ತದೆ. ಹಾಗಾಗಿ ಟ್ರಿಟಿಯಂ ಇರುವ ಬಾಂಬಿಗೆ ಆಗಾಗ ಹೊಸ ಅನಿಲ ಬೇಕೇ ಬೇಕು. ಹಿರೋಶಿಮಾದ ತರಹದ ಬಾಂಬಿಗೆ ಈ ಗೋಜಿಲ್ಲ. ಅದರ ಯುರೇನಿಯಂ-235ರ ಅರ್ಧಾಯು ಸುಮಾರು 70 ಕೋಟಿ ವರ್ಷ.

ಇನ್ನು ಅಂಟು, ಪ್ಲಾಸ್ಟಿಕ್, ವೈರು, ಸ್ಫೋಟಕ. ಇವಕ್ಕೆ ಅರ್ಧಾಯುವಿನ ಸೂತ್ರ ಇಲ್ಲ. ಸ್ಫೋಟಿಸಿ ನೋಡೋಣ ಅಂದರೆ ಅಮೆರಿಕ 1992ರ ಸೆಪ್ಟೆಂಬರ್ 23ರ ನಂತರ ಅಂಥ ಪರೀಕ್ಷೆ ಮಾಡಿಲ್ಲ. ಅದು ಹಾಗೇ ಉಳಿಯಲಿ ಅನ್ನುವುದೇ ನನ್ನ ಆಸೆ. ನೆಲದೊಳಗೆ ಕದ್ದು ಸ್ಫೋಟಿಸಿದರೂ ಕಂಪನ ದೂರದವರೆಗೆ ಮುಟ್ಟುತ್ತದೆ. ನಮ್ಮ ಗೌರಿಬಿದನೂರಿನಲ್ಲಿ 1965ರಲ್ಲಿ ಕಂಪನಮಾಪಕಗಳ ಸಾಲು ಹಾಕಿದ್ದೇ ಅಂಥ ಸ್ಫೋಟಗಳನ್ನು ಹಿಡಿಯಲು.

ಸೂತ್ರಕ್ಕೆ ಸಿಗದ ಈ ಭಾಗಗಳಿಗೆ ಒಳ್ಳೆಯ ಉದಾಹರಣೆ ಫಾಗ್‌ಬ್ಯಾಂಕ್. ಅಮೆರಿಕದ ಜಲಾಂತರ್ಗಾಮಿ ಕ್ಷಿಪಣಿಗಳ ಡಬ್ಲ್ಯೂ76 ಸಿಡಿತಲೆಯಲ್ಲಿ ಬಳಸುವ ರಹಸ್ಯ ವಸ್ತು ಅದು. ಸಿಡಿತಲೆಗಳ ಆಯಸ್ಸು ಹೆಚ್ಚಿಸಲು 2000ದ ದಶಕದಲ್ಲಿ ಅದನ್ನು ಮತ್ತೆ ತಯಾರಿಸಲು ಹೊರಟರು. ಹಳೆಯ ಕಾರ್ಖಾನೆ ಇರಲಿಲ್ಲ, ದಾಖಲೆ ಕಡಿಮೆ, ಗೊತ್ತಿದ್ದವರಲ್ಲಿ ಬಹುಪಾಲು ಜನ ಕೆಲಸ ಬಿಟ್ಟಿದ್ದರು. ಕಷ್ಟಪಟ್ಟು ಮಾಡಿದರೂ ಹಳೆಯದರ ಹಾಗೆ ಬರಲಿಲ್ಲ. ಕೊನೆಗೆ ಕಾರಣ ಸಿಕ್ಕಿತು. ಹಳೆಯ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶ ಇರುತ್ತಿತ್ತು. ಹೊಸ ಶುದ್ಧೀಕರಣ ಅದನ್ನು ತೆಗೆದುಹಾಕುತ್ತಿತ್ತು. ಆ ಕಲ್ಮಶ ಇದ್ದರೇ ವಸ್ತು ಸರಿಯಾಗಿ ಬರುತ್ತದೆ ಅಂತ ಮೊದಲು ತಯಾರಿಸಿದವರಿಗೂ ಗೊತ್ತಿರಲಿಲ್ಲ.