ಬೆನ್ನಿನ ಬುಡದ ಲೆಕ್ಕ

‘ಬೆನ್ನು ನೆಟ್ಟಗೆ ಮಾಡಿ ಕೂತ್ಕೋ’ ಎಂದು ಗದರಿಸಿಕೊಳ್ಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಗದರಿಸಿಕೊಂಡವರು ಎದೆಯುಬ್ಬಿಸಿ, ಭುಜಗಳನ್ನು ಹಿಂದಕ್ಕೆಳೆದು, ಸೆಟೆದು ಕುಳಿತು, ಸ್ವಲ್ಪ ಹೊತ್ತಿನಲ್ಲೇ ಮತ್ತೆ ಕುಸಿಯುತ್ತಾರೆ. ಇದನ್ನು ಸೋಮಾರಿತನವೆಂದು ಬೈಯುವುದು ಅನ್ಯಾಯ. ಬೆನ್ನನ್ನು ಬೆನ್ನಿನ ಬಲದಿಂದಲೇ ನಿಲ್ಲಿಸಲು ಹೊರಟರೆ ಸ್ನಾಯುಗಳು ದಣಿಯಲೇಬೇಕು.

ಬೆನ್ನುಮೂಳೆ ನೆಲೆನಿಂತಿರುವುದು ಸೊಂಟದ ಮೂಳೆಗಳು ಕೂಡಿ ಆದ ಒಂದು ಬೋಗುಣಿಯ ಮೇಲೆ. ನಿಂತಿರುವಾಗ ಈ ಬೋಗುಣಿ ತುಸು ಮುಂದಕ್ಕೆ ವಾಲಿರುವುದರಿಂದ ಕೆಳಬೆನ್ನಿನಲ್ಲಿ ಒಳಕ್ಕೆ ಸರಿದ ಬಾಗೊಂದು ತಾನಾಗಿಯೇ ಮೂಡುತ್ತದೆ. ಕುರ್ಚಿಯಲ್ಲಿ ಕುಳಿತು ತೊಡೆಗಳನ್ನು 90 ಡಿಗ್ರಿಗೆ ಮಡಿಸಿದಾಗ ತೊಡೆಯ ಹಿಂಬದಿಯ ಮತ್ತು ಪೃಷ್ಠದ ಸ್ನಾಯುಗಳು ಬಿಗಿದು ಬೋಗುಣಿಯ ತಳವನ್ನು ಮುಂದಕ್ಕೆಳೆಯುತ್ತವೆ, ಬೋಗುಣಿ ಹಿಂದಕ್ಕೆ ವಾಲುತ್ತದೆ. ಓರೆಯಾದ ಪೀಠದ ಮೇಲೆ ಕಂಬ ನೆಟ್ಟಗೆ ನಿಲ್ಲದು. ಇನ್ನೂ ಸರಿಯಾಗಿ ಹೇಳುವುದಾದರೆ, ಇದು ಇಳಿಜಾರಾದ ಕಟ್ಟೆಯ ಮೇಲೆ ಒಂದರ ಮೇಲೊಂದು ಪೇರಿಸಿದ ಬಿಂದಿಗೆಗಳ ಸಾಲು. ಬೀಳದಂತೆ ಯಾರಾದರೂ ಹಿಡಿದೇ ಇರಬೇಕು. ಹಿಡಿದಿರುವ ಆ ಕೈಯೇ ಬೆನ್ನಿನ ಸ್ನಾಯು. ಅದು ಸೋತು ಸಡಿಲಿದಾಗ ಮೈಭಾರ ಮೂಳೆಗಳನ್ನು ಬಿಗಿದಿಡುವ ಹಿಂಬದಿಯ ಅಸ್ಥಿರಜ್ಜುಗಳಿಗೆ ಜೋತುಬೀಳುತ್ತದೆ, ಬೆನ್ನೆಲುಬಿನ ಮಣಿಗಳ ನಡುವಿನ ಮೆತ್ತೆಗಳಾದ ಡಿಸ್ಕುಗಳ ಮುಂಭಾಗ ಅದುಮಿಕೊಂಡು ಒಳಗಿನ ಮೆತ್ತನೆಯ ತಿರುಳು ಹಿಂದಕ್ಕೆ, ನರಗಳಿರುವ ಕಡೆಗೆ, ಸರಿಯುತ್ತದೆ.

ತೊಡೆಗೂ ಮುಂಡಕ್ಕೂ ನಡುವೆ ಸುಮಾರು 135 ಡಿಗ್ರಿ ಇದ್ದಾಗ ಕೆಳಬೆನ್ನಿನ ಬಾಗು ಸಹಜವಾಗಿ ಉಳಿಯುತ್ತದೆಂಬುದನ್ನು ಅಮೆರಿಕದ ವೈದ್ಯ ಕೀಗನ್ 1953ರಲ್ಲಿಯೇ ಎಕ್ಸ್‌ರೇ ಚಿತ್ರಗಳಿಂದ ತೋರಿಸಿದ್ದರು. ಆದರೂ ಲಂಬಕೋನದ ಕುರ್ಚಿಯೇ ಶಿಸ್ತಿನ ಕುರ್ಚಿಯೆಂಬ ನಂಬಿಕೆ ಅಳಿಯಲಿಲ್ಲ. 1960ರ ದಶಕದಲ್ಲಿ ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಡಿಸ್ಕಿನೊಳಕ್ಕೇ ಸೂಜಿಯಿಳಿಸಿ ಒತ್ತಡವನ್ನು ಅಳೆದು, ಆನಿಕೆಯಿಲ್ಲದೆ ಕುಳಿತವರಲ್ಲಿ ಅದು ನಿಂತವರಿಗಿಂತ ಹೆಚ್ಚೆಂದು ಕಂಡರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಒಬ್ಬ ಸ್ವಯಂಸೇವಕರಲ್ಲಿ ಅಳೆದಾಗ ಲೆಕ್ಕ ಬೇರೆಯೇ ಬಂತು: ನಿಂತಾಗ 0.5 ಮೆಗಾಪಾಸ್ಕಲ್, ಆನಿಕೆಯಿಲ್ಲದೆ ಕುಳಿತಾಗ 0.46, ಕುರ್ಚಿಗೊರಗಿ ಜಾರಿ ಕುಳಿತಾಗ ಬರೀ 0.27. ಒಬ್ಬರ ಅಳತೆಯಿಂದ ಎಲ್ಲರ ಬೆನ್ನಿಗೂ ತೀರ್ಪು ಕೊಡಲಾಗದು, ಆದರೆ ಒರಗಿ ಕೂರುವುದನ್ನು ಪಾಪವೆಂದು ಬಗೆದವರಿಗೆ ಇಷ್ಟು ಸಾಕು.

ಕುಸಿತದ ಮೂಲ ಬೋಗುಣಿಯ ವಾಲಿಕೆಯಲ್ಲಿರುವುದರಿಂದ ಸರಿಪಡಿಸಬೇಕಾದದ್ದು ಆಸನದ ಎತ್ತರವನ್ನು. ಪಾದಗಳು ನೆಲದ ಮೇಲೆ ಊರಿದ್ದು, ಮೊಣಕಾಲುಗಳು ಸೊಂಟಕ್ಕಿಂತ ತುಸು ಕೆಳಗಿರಲಿ. ಕುರ್ಚಿ ಏರಿಸಲು ಬಾರದಿದ್ದರೆ ಮಡಿಸಿದ ಟವೆಲ್ಲನ್ನು ಪೃಷ್ಠದ ಅಡಿಗೆ ಮಾತ್ರ, ತೊಡೆಯವರೆಗೂ ಬಾರದಂತೆ ಇಟ್ಟುಕೊಳ್ಳಬಹುದು. ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಊಟದ ಮಣೆ ಇದೇ ಉಪಕಾರ ಮಾಡುತ್ತದೆ, ಅದನ್ನು ಹಾಕುವುದು ಮರ್ಯಾದೆಗೇ ಆದರೂ. ಕಾಲಿನಲ್ಲಿ ಬಲ ಕುಂದಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಮಾತ್ರ ಮಣೆ, ಟವೆಲ್ಲುಗಳ ಗೊಡವೆ ಬಿಟ್ಟು ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಅಂಗೈಗಳನ್ನು ಪೃಷ್ಠದ ಅಡಿಗಿಟ್ಟು ಕುಳಿತರೆ ಎರಡು ಗಟ್ಟಿ ಮೂಳೆಗಳು ತಾಗುತ್ತವೆ. ಸೊಂಟವನ್ನು ಮೆಲ್ಲಗೆ ಹಿಂದೆ ಮುಂದೆ ಹೊರಳಿಸುತ್ತ ಹೋದರೆ ಅವು ನೇರ ಕೆಳಮುಖವಾಗಿ ಅಂಗೈಯನ್ನು ಒತ್ತುವ ಒಂದು ನೆಲೆ ಸಿಗುತ್ತದೆ. ಅಲ್ಲಿ ಎದೆಯುಬ್ಬಿಸದೆಯೇ, ಯಾರೂ ಗದರಿಸದೆಯೇ, ಬೆನ್ನು ಎದ್ದು ನಿಲ್ಲುತ್ತದೆ.