ಪೊಲೀಸ್ ಆ್ಯಕ್ಷನ್: ತೀರ್ಮಾನ ಯಾರದು, ತಲೆಗೆ ಕಟ್ಟಿಕೊಂಡವರು ಯಾರು?

ಸೆಪ್ಟೆಂಬರ್ 17 ಬಂತೆಂದರೆ ಕಲಬುರಗಿಯಲ್ಲಿ ಧ್ವಜ ಹಾರುತ್ತದೆ, ಪಟೇಲರ ಪ್ರತಿಮೆಗೆ ಹಾರ ಬೀಳುತ್ತದೆ. ಸರ್ಕಾರ ಅದನ್ನು ಕಲ್ಯಾಣ ಕರ್ನಾಟಕ ಉತ್ಸವ ಅನ್ನುತ್ತದೆ. ಮನೆಯ ಹಿರಿಯರಿಗೆ ಮಾತ್ರ ಅದು ಇವತ್ತಿಗೂ 'ಪೊಲೀಸ್ ಆ್ಯಕ್ಷನ್', ಅಂದರೆ 1948ರಲ್ಲಿ ಭಾರತ ಸೇನೆ ಕಳಿಸಿ ನಿಜಾಮನ ಹೈದರಾಬಾದ್ ರಾಜ್ಯವನ್ನು ತನ್ನೊಳಗೆ ಸೇರಿಸಿಕೊಂಡ ಕಾರ್ಯಾಚರಣೆ. ನಮ್ಮ ಈ ಭಾಗ ಆಗ ಆ ರಾಜ್ಯದಲ್ಲಿತ್ತು. ಟ್ಯಾಂಕು, ವಿಮಾನ ಎಲ್ಲ ಬಂದಿದ್ದವು. ಆದರೂ ಪೊಲೀಸರ ಕೆಲಸ ಹೇಗಾಯಿತು? ಯುದ್ಧ ಅಂದುಬಿಟ್ಟರೆ ಎರಡು ದೇಶಗಳ ಜಗಳ ಅಂತಾಗುತ್ತಿತ್ತು, ಅಲ್ವಾ? ದೆಹಲಿಗೆ ಅದು ಬೇಡವಾಗಿತ್ತು. ನಿಜಾಮನಿಗೆ ಬೇಕಾಗಿದ್ದೇ ಅದು.

1947ರ ನವೆಂಬರ್ 29ರಂದು ಭಾರತ, ಹೈದರಾಬಾದ್ ನಡುವೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿತ್ತು. ಹೊರದೇಶದ ವ್ಯವಹಾರ, ರಕ್ಷಣೆ, ಸಂಪರ್ಕ ಬ್ರಿಟಿಷರ ಕಾಲದಲ್ಲಿದ್ದ ಹಾಗೇ ಇರಬೇಕು, ಆದರೆ ಅವರ ಜಾಗದಲ್ಲಿ ಭಾರತ. ಹೈದರಾಬಾದ್ ಸುಮ್ನೆ ಕೂರಲಿಲ್ಲ. ಪಾಕಿಸ್ತಾನಕ್ಕೆ 20 ಕೋಟಿ ರೂಪಾಯಿ ಸಾಲ ಕೊಟ್ಟಿತು, ಅದೂ ಭಾರತ ಸರ್ಕಾರದ್ದೇ ಸಾಲಪತ್ರಗಳಲ್ಲಿ. 1948ರ ಆಗಸ್ಟ್‌ನಲ್ಲಿ ಭಾರತದ ಮೇಲೆ ವಿಶ್ವಸಂಸ್ಥೆಗೆ ದೂರು ಹೋಯಿತು. ಸೆಪ್ಟೆಂಬರ್ 13ಕ್ಕೆ ಸೇನೆ ಒಳಗೆ ಬಂತು. 16ರಂದು ಪ್ಯಾರಿಸ್‌ನಲ್ಲಿ ಭದ್ರತಾ ಮಂಡಳಿ ದೂರು ಕೇಳಿತು. ಮರುದಿನವೇ ನಿಜಾಮ ಕೈಚೆಲ್ಲಿದ.

ಇಷ್ಟೆಲ್ಲ ತೀರ್ಮಾನ ಮಾಡಿದ್ದು ಯಾರು? ಹೈದರಾಬಾದಿನ ಪ್ರಧಾನಿ ಲಾಯಕ್ ಅಲಿ. ಅವನ ಬೆನ್ನಿಗೆ ರಜಾಕಾರರ, ಅಂದರೆ ನಿಜಾಮನ ಪರ ನಿಂತ ಖಾಸಗಿ ಪಡೆಯ, ನಾಯಕ ಕಾಸಿಂ ರಜ್ವಿ, ಸರ್ಕಾರದಲ್ಲಿ ಹುದ್ದೆಯೇ ಇಲ್ಲದವನು. ಇಬ್ಬರ ಮೇಲೂ ನಿಜಾಮ. ಸೆಪ್ಟೆಂಬರ್ 23ರಂದು ನಿಜಾಮ ರೇಡಿಯೋದಲ್ಲಿ ಮಾತಾಡಿ, ರಜ್ವಿಯ ಗುಂಪು ಹಿಟ್ಲರನ ದಾರಿ ಹಿಡಿದು ರಾಜ್ಯವನ್ನು ಕೈಗೆ ತೆಗೆದುಕೊಂಡಿತ್ತು ಎಂದ. ಹಿಂದಿನ ವರ್ಷದ ಅಕ್ಟೋಬರ್‌ನಲ್ಲಿ ಆ ಗುಂಪು ಅವನ ಆಗಿನ ಪ್ರಧಾನಿಯ ಮನೆ ಮುತ್ತಿದ್ದು ನಿಜವೇ. ಆದರೆ ಹೊಸ ಪ್ರಧಾನಿಯನ್ನು ನೇಮಿಸಿದ್ದು ಯಾರು? ನನಗಂತೂ ಆ ಭಾಷಣ ಜಾಣ ಜಾರಿಕೆಯಂತೆ ಕಾಣುತ್ತದೆ. ದೆಹಲಿಗೂ ಅದು ಒಗ್ಗಿತು. ರಜ್ವಿ ಜೈಲಿಗೆ ಹೋದ, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನ ಸೇರಿದ. ಲಾಯಕ್ ಅಲಿ 1950ರಲ್ಲಿ ಗೃಹಬಂಧನದಿಂದ ತಪ್ಪಿಸಿಕೊಂಡು ಅಲ್ಲಿಗೇ ಹೋದ. ನಿಜಾಮ ಮಾತ್ರ 1956ರವರೆಗೂ ರಾಜಪ್ರಮುಖ, ಅಂದರೆ ರಾಜ್ಯಪಾಲರಂಥ ಹುದ್ದೆ!

ಹಣದ ಕತೆ ಇನ್ನೂ ಮಜಾ. ಶರಣಾಗತಿ ಮುಗಿದ ಮೇಲೆ, ಸೆಪ್ಟೆಂಬರ್ 20ರಂದು, ಲಂಡನ್ನಿನ ಬ್ಯಾಂಕೊಂದರಲ್ಲಿ ನಿಜಾಮ ಸರ್ಕಾರದ 10,07,940 ಪೌಂಡ್, ಒಂಬತ್ತು ಶಿಲ್ಲಿಂಗ್ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ವಾರದೊಳಗೆ ನಿಜಾಮ ‘ನನ್ನ ಒಪ್ಪಿಗೆಯಿಲ್ಲ, ವಾಪಸ್ ಕೊಡಿ’ ಎಂದ. ಬ್ಯಾಂಕು ಕೊಡಲಿಲ್ಲ. ಬಡ್ಡಿ ಬೆಳೆಯುತ್ತಾ 3.5 ಕೋಟಿ ಪೌಂಡ್ ಆಯಿತು. 2019ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನ ಹೈಕೋರ್ಟು ಅದು ಪಾಕಿಸ್ತಾನದ್ದಲ್ಲ, ನಿಜಾಮನ ಮೊಮ್ಮಕ್ಕಳದು ಮತ್ತು ಭಾರತದ್ದು ಎಂದು ತೀರ್ಪು ಕೊಟ್ಟಿತು.

ಶಿಲ್ಲಿಂಗ್ ಬಿಡದೆ ಲೆಕ್ಕ ಸಿಕ್ಕಿದ್ದು ಹಣಕ್ಕೆ. ನಮ್ಮ ಕಡೆಯ ಸಾವುಗಳಿಗೆ ಅಂಥ ಲೆಕ್ಕ ಸಿಗಲಿಲ್ಲ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಹತ್ತಿರದ ಗೋರ್ಟಾದಲ್ಲಿ ರಜಾಕಾರರು ಜನರನ್ನು ಕೊಂದರು. ಅಲ್ಲೀಗ ಸ್ಮಾರಕವಿದೆ. ಸೇನೆ ಬಂದ ಮೇಲೆ ಸೇಡು ಶುರುವಾಯಿತು. ರಜಾಕಾರರಿಗೂ ತಮಗೂ ಸಂಬಂಧವೇ ಇಲ್ಲದ ಮುಸ್ಲಿಮರು ಊರೂರಲ್ಲಿ ಸತ್ತರು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ತಂಡ ನವೆಂಬರ್, ಡಿಸೆಂಬರ್‌ನಲ್ಲಿ ಸುತ್ತಾಡಿ, ಹೈದರಾಬಾದ್ ರಾಜ್ಯದಲ್ಲಿ ಒಟ್ಟು 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದು ಎಂದು ಅಂದಾಜು ಮಾಡಿತು. ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇವೆ. ಈಗಿನ ಯಾದಗಿರಿ ಆಗ ಗುಲ್ಬರ್ಗಾದ ಒಳಗೇ ಇತ್ತು.

ಸರ್ಕಾರ ಆ ವರದಿಯನ್ನು ಪ್ರಕಟಿಸಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದನ್ನು ಯಾರು ಬೇಕಾದರೂ ಓದಬಹುದು ಎಂಬ ಸುದ್ದಿ ಬಂದದ್ದು 2013ರಲ್ಲಿ.