ಆ ಜಾಗದ ಗುಳ್ಳೆಗಳೆಲ್ಲ ರೋಗವಲ್ಲ

ಧಾರವಾಡದ ಸಪ್ತಾಪುರದ ಕಡೆ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು ನನ್ನ ಬಳಿ ಪದೇ ಪದೇ ತರುವ ಚಿಂತೆ ಒಂದಿದೆ, ಜನನಾಂಗದ ಮೇಲಿನ ಗುಳ್ಳೆಗಳದ್ದು. "ಸರ್, ಅಲ್ಲಿ ಗುಳ್ಳಿ ಆಗ್ಯಾವ್ರಿ. ಪೊಲೀಸ್ ಮೆಡಿಕಲ್‌ನ್ಯಾಗ ತಗದ್ ಹಾಕ್ತಾರೇನ್ರಿ?" ಇಷ್ಟು ಹೇಳುವಷ್ಟರಲ್ಲಿ ಮುಖ ಕೆಂಪಾಗಿರುತ್ತದೆ. ಎಷ್ಟೋ ತಿಂಗಳು ನಿದ್ದೆಗೆಟ್ಟು, ಮೊಬೈಲಿನಲ್ಲಿ ಭಯಂಕರ ಫೋಟೋಗಳನ್ನು ನೋಡಿ ನೋಡಿ ಬಂದಿರುತ್ತಾರೆ.

ಪರೀಕ್ಷೆ ಮಾಡಿದರೆ ಹೆಚ್ಚಿನವರಲ್ಲಿ ಕಾಣುವುದು ಇಷ್ಟೇ. ಶಿಶ್ನದ ತಲೆಯ ಅಂಚಿಗೆ ಸುತ್ತಲೂ ಒಂದೋ ಎರಡೋ ಸಾಲು, ಮಣಿ ಪೋಣಿಸಿದ ಹಾಗೆ. ಒಂದೊಂದು ಗುಳ್ಳೆಯೂ 1ರಿಂದ 2 ಮಿಲಿಮೀಟರ್. ಬಣ್ಣ ಚರ್ಮದ್ದೇ, ಇಲ್ಲಾ ತುಸು ಬಿಳಿ. ನೋವಿಲ್ಲ, ತುರಿಕೆಯಿಲ್ಲ. ಒತ್ತಿದರೆ ಏನೂ ಬರುವುದಿಲ್ಲ. ಇವಕ್ಕೆ ಪರ್ಲಿ ಪೀನೈಲ್ ಪಾಪ್ಯೂಲ್ಸ್ ಎನ್ನುತ್ತೇವೆ. ಹರೆಯ ಬಂದ ಮೇಲೆ ಕಾಣಿಸಿಕೊಳ್ಳುತ್ತವೆ, ವಯಸ್ಸು ಹೋದಂತೆ ಮಾಸುತ್ತವೆ. ಯಾರಿಂದಲೂ ಅಂಟಿದ್ದಲ್ಲ, ಯಾರಿಗೂ ಅಂಟುವುದಿಲ್ಲ. ಹಸ್ತಮೈಥುನದಿಂದ ಬಂದದ್ದೂ ಅಲ್ಲ. ಈ ಮಾತು ಹೇಳಿದಾಗ ಎಷ್ಟೋ ಹುಡುಗರ ಕಣ್ಣಲ್ಲಿ ನೀರು ಬರುತ್ತದೆ. ಅಷ್ಟು ದಿನ ತಮ್ಮದೇ ತಪ್ಪಿಗೆ ಶಿಕ್ಷೆ ಅಂದುಕೊಂಡಿರುತ್ತಾರೆ.

ಇನ್ನೊಂದು ಬಗೆ ಫೋರ್ಡೈಸ್ ಚುಕ್ಕೆಗಳು. ಅಮೆರಿಕದ ಚರ್ಮವೈದ್ಯ ಜಾನ್ ಫೋರ್ಡೈಸ್ 1896ರಲ್ಲಿ ವಿವರಿಸಿದ್ದು. ಕೂದಲಿಲ್ಲದ ಕಡೆ ಇರುವ ಎಣ್ಣೆಗ್ರಂಥಿಗಳು ಅಷ್ಟೇ. ಹಳದಿ ಮಿಶ್ರಿತ ಬಿಳಿ ಬಣ್ಣ, ಚರ್ಮ ಎಳೆದು ಹಿಡಿದರೆ ಸ್ಪಷ್ಟವಾಗಿ ಕಾಣುತ್ತವೆ. ಕನ್ನಡಿಯಲ್ಲಿ ನಿಮ್ಮ ಮೇಲ್ತುಟಿಯ ಅಂಚು ನೋಡಿಕೊಳ್ಳಿ, ಅಲ್ಲೂ ಇರಬಹುದು. ವೃಷಣದ ಚೀಲದ ಮೇಲೆ ಕಡುಗೆಂಪು ಚುಕ್ಕೆಗಳಿದ್ದರೆ ಅವು ಹಿಗ್ಗಿದ ಸಣ್ಣ ರಕ್ತನಾಳಗಳು. ಕೆರೆದರೆ ರಕ್ತ ಬರುತ್ತದೆ, ಅದಕ್ಕೇ ಗಾಬರಿ.

ಹೆಣ್ಣುಮಕ್ಕಳು ಇನ್ನೂ ತಡವಾಗಿ ಬರುತ್ತಾರೆ. ಯೋನಿಯ ಬಾಯಿಯ ಒಳಅಂಚಿನಲ್ಲಿ ಮೆತ್ತಗಿನ, ಗುಲಾಬಿ ಬಣ್ಣದ ಸಣ್ಣ ಮೊನೆಗಳು ಎರಡೂ ಕಡೆ ಒಂದೇ ಸಮ ಇದ್ದರೆ ಅದು ಹುಟ್ಟುಗುಣ. ಪ್ರತಿ ಮೊನೆಗೂ ಬೇರೆ ಬೇರೆ ಬುಡ ಇರುತ್ತದೆ. ಅಂಟುವ ನರಹುಲಿಯಲ್ಲಿ ಹಾಗಲ್ಲ, ಒಂದೇ ಬುಡದಿಂದ ಕವಲೊಡೆದು ಒರಟಾಗಿ ಬೆಳೆಯುತ್ತದೆ. ಈ ವ್ಯತ್ಯಾಸ ಗೊತ್ತಿಲ್ಲದೆ ಮದುವೆಯಾದ ಹೊಸದರಲ್ಲೇ ಗಂಡ ಹೆಂಡತಿ ಒಬ್ಬರ ಮೇಲೊಬ್ಬರು ಸಂಶಯಪಟ್ಟು ಮಾತು ಬಿಟ್ಟದ್ದನ್ನು ನೋಡಿದ್ದೇನೆ. ತುಂಬಾ ಸಂಕಟ ಆಗುತ್ತದೆ.

ಆದರೆ ನನ್ನನ್ನು ನಿಜವಾಗಿ ಕಾಡುವುದು ಗುಳ್ಳೆಗಿಂತ ಅದಕ್ಕೆ ಮನೆಯಲ್ಲೇ ಮಾಡಿಕೊಂಡ ಮದ್ದು. ಸುಣ್ಣ ಹಚ್ಚಿ ಸುಟ್ಟುಕೊಂಡವರಿದ್ದಾರೆ. ಬೆಳ್ಳುಳ್ಳಿ ಅರೆದು ಕಟ್ಟಿದವರು, ಪಾದದ ಆಣಿಗೆ ಹಚ್ಚುವ ಆಸಿಡ್ ಬಿಟ್ಟುಕೊಂಡವರು, ನೇಲ್ ಕಟರ್‌ನಿಂದ ಕತ್ತರಿಸಿಕೊಂಡವರೂ ಇದ್ದಾರೆ. ಏನೂ ಇಲ್ಲದ ಕಡೆ ಹುಣ್ಣಾಗಿ, ಕೀವಾಗಿ, ಕಲೆ ಉಳಿಯುತ್ತದೆ. ಇನ್ನು ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಕೊಡುವ ಕ್ರೀಮ್. ಟ್ಯೂಬಿನ ಮೇಲೆ ಸಣ್ಣಕ್ಷರದಲ್ಲಿ ಕ್ಲೊಬೆಟಾಸೋಲ್ ಅಂತ ಇದ್ದರೆ ದಯವಿಟ್ಟು ಹಚ್ಚಬೇಡಿ. ಅದು ಬಲು ಜೋರಿನ ಸ್ಟೀರಾಯ್ಡ್. ಆ ಭಾಗದ ಚರ್ಮ ತೆಳು, ಔಷಧಿಯನ್ನು ಜಾಸ್ತಿ ಹೀರಿಕೊಳ್ಳುತ್ತದೆ. ಹುಳಕಡ್ಡಿ ಇದ್ದರೆ ತುರಿಕೆ ನಿಂತಂತೆ ಅನಿಸಿ, ಒಳಗೊಳಗೇ ಹರಡುತ್ತದೆ. ಈ ಕ್ರೀಮಿನಿಂದ ತೊಡೆಸಂದಿನಲ್ಲಿ ಬಿದ್ದ ಗೀರುಗಳು ಮತ್ತೆ ಹೋಗುವುದಿಲ್ಲ.

ಹಾಗಾದರೆ ಯಾವಾಗ ತೋರಿಸಬೇಕು? ನಾನು ಮೊದಲು ಕೇಳುವುದು, ಯಾವಾಗಿನಿಂದ ಇದೆ, ಬದಲಾಗಿದೆಯಾ ಅಂತ. ವರ್ಷಗಟ್ಟಲೆ ಹಾಗೇ ಇರುವುದಕ್ಕೆ ಅವಸರವಿಲ್ಲ. ಕೆಲವು ವಾರಗಳಲ್ಲಿ ಹೊಸದಾಗಿ ಬಂದು ಬೆಳೆಯುತ್ತಿದ್ದರೆ ಬನ್ನಿ. ಅದು ನರಹುಲಿ ಇರಬಹುದು, ಹೆಚ್ಚಾಗಿ ಎಚ್‌ಪಿವಿ ಎಂಬ ವೈರಸ್‌ನ 6 ಮತ್ತು 11ನೇ ಬಗೆಯಿಂದ ಬರುವಂಥದ್ದು. ನಡುವೆ ಸಣ್ಣ ಕುಳಿ ಇರುವ ಹೊಳೆಯುವ ಗುಳ್ಳೆಯೂ ಅಂಟುತ್ತದೆ. ಉರಿಯುವ ನೀರುಗುಳ್ಳೆಗಳ ಗುಂಪು ಹರ್ಪಿಸ್ ಎಂಬ ವೈರಸ್ ಸೋಂಕು ಇರಬಹುದು. ಗರ್ಭಿಣಿಯಾಗಿದ್ದರೆ ಅದೇ ದಿನ ತೋರಿಸಿ. ರಾತ್ರಿ ತುರಿಕೆ ಜಾಸ್ತಿಯಾಗಿ, ಮನೆಯವರೂ ಕೆರೆದುಕೊಳ್ಳುತ್ತಿದ್ದರೆ ಅದು ಕಜ್ಜಿ ಇರಬಹುದು. ಮುಂದೊಗಲು ಪದೇ ಪದೇ ಸೀಳುತ್ತಿದ್ದರೆ ಸಕ್ಕರೆ ಕಾಯಿಲೆಯ ಟೆಸ್ಟ್ ಮಾಡಿಸಿ.

ಎಲ್ಲಕ್ಕಿಂತ ಮೋಸ ಮಾಡುವುದು ಸಿಫಿಲಿಸ್ ಎಂಬ ಲೈಂಗಿಕ ರೋಗದ ನೋವಿಲ್ಲದ ಹುಣ್ಣು. ಲೈಂಗಿಕ ಸಂಪರ್ಕವಾಗಿ ಸುಮಾರು ಮೂರು ವಾರಕ್ಕೆ ಬರುತ್ತದೆ, ಕೆಲವು ವಾರಗಳಲ್ಲಿ ತಾನೇ ಮಾಯುತ್ತದೆ. ಹುಣ್ಣು ಮಾಯಿತು, ಸಿಫಿಲಿಸ್ ಒಳಗೇ ಉಳಿಯಿತು. ಪೆನಿಸಿಲಿನ್ ಇಂಜೆಕ್ಷನ್‌ನಿಂದ ಗುಣವಾಗುವ ರೋಗ ಇದು. ಸುಮ್ನೆ ಬಿಡಬಾರದು. ಶುರುವಿನಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು, ವೈದ್ಯರು ಹೇಳಿದರೆ ಮತ್ತೊಮ್ಮೆ ಮಾಡಿಸಿ. ನಡುವಯಸ್ಸು ದಾಟಿದವರಲ್ಲಿ ಮಾಯದ ಹುಣ್ಣು ಅಥವಾ ಗಟ್ಟಿ ಗಂಟು ಇದ್ದರೆ ಕ್ಯಾನ್ಸರ್ ಅಲ್ಲ ಎಂದು ಖಚಿತ ಮಾಡಿಕೊಳ್ಳಲೇಬೇಕು.

ಇದಕ್ಕೆ ಗೋಡೆಯ ಮೇಲೆ 'ಗುಪ್ತ ರೋಗ' ಅಂತ ಬರೆಸಿದವರ ಲಾಡ್ಜ್ ರೂಮಿಗೆ ಹೋಗಬೇಕಿಲ್ಲ. ಚರ್ಮರೋಗ ತಜ್ಞರ ಓದಿನಲ್ಲೇ ಲೈಂಗಿಕ ರೋಗಗಳೂ ಸೇರಿವೆ. ಹುಬ್ಬಳ್ಳಿಯ ಕಿಮ್ಸ್ (ಈಗ ಕೆಎಂಸಿಆರ್‌ಐ), ಗದಗಿನ ಜಿಮ್ಸ್, ಹಾವೇರಿಯ ಜಿಲ್ಲಾ ಆಸ್ಪತ್ರೆಯಂಥ ಸರ್ಕಾರಿ ದವಾಖಾನೆಗಳಲ್ಲಿ ತೋರಿಸಬಹುದು. ಲೈಂಗಿಕ ರೋಗಗಳಿಗೆಂದೇ ಇರುವ ಸರ್ಕಾರದ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಸಲಹೆ, ಔಷಧಿ ಉಚಿತ. ಎದುರಿಗೆ ಕೇಳಲು ನಾಚಿಕೆಯಾದರೆ ರಾಷ್ಟ್ರೀಯ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದಕ್ಕೂ ದುಡ್ಡಿಲ್ಲ.

ಬರುವ ಮುಂಚೆ ಶೇವ್ ಮಾಡಬೇಡಿ, ಏನೂ ಹಚ್ಚಬೇಡಿ. ಹಚ್ಚಿದ್ದರೆ ಆ ಟ್ಯೂಬ್ ಜೊತೆಗೆ ತನ್ನಿ. ಮಹಿಳಾ ವೈದ್ಯರೇ ಬೇಕು ಅಂದರೆ ಚೀಟಿ ಮಾಡಿಸುವಾಗಲೇ ಹೇಳಿ.